ಡಾಕ್ಟರ್ ಬುಕಾನನ್ ಸಾಹೇಬರ ಸಸ್ಯಸಂಗ್ರಹ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳಿಂದ ನಮ್ಮ ಶಾಲೆಗೆ ಹೆಣ್ಣುಮಕ್ಕಳನ್ನು ಕಳುಹಿಸಿರುವ ತಂದೆತಾಯಿಗಳಿಗೂ, ಇಲ್ಲಿ ಓದಿ ಹೋದ ಹಳೆಯ ವಿದ್ಯಾರ್ಥಿನಿಯರಿಗೂ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಎಂಬವರ ಹೆಸರು ಚರಿತ್ರೆಯ ಪಾಠದಿಂದ ಪರಿಚಿತವಾದದ್ದೇ. ಟೀಪು ಸುಲ್ತಾನರು ಮಡಿದ ಮರುವರ್ಷ, 1800ರಲ್ಲಿ, ವೆಲ್ಲೆಸ್ಲಿ ಪ್ರಭುಗಳ ಅಪ್ಪಣೆಯಂತೆ ಮದ್ರಾಸಿನಿಂದ ಹೊರಟು ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳ ಬೆಳೆ, ನೆಯ್ಗೆ, ಕಂದಾಯಗಳನ್ನೆಲ್ಲ ಬರೆದುಕೊಂಡವರು ಇವರೇ. 1801ರಲ್ಲಿ ಶಿವಮೊಗ್ಗೆಯಿಂದ ಕೂಡಲಿ, ಬಸವಾಪಟ್ಟಣ, ಹರಿಹರಗಳ ಮಾರ್ಗವಾಗಿ ಚಿತ್ರದುರ್ಗಕ್ಕೆ ಹೋದಾಗ ನಮ್ಮ ಸೀಮೆಯ ಹೊಲಗದ್ದೆಗಳನ್ನು ಕಣ್ಣಾರೆ ಕಂಡರು. ಆ ಪ್ರವಾಸಗ್ರಂಥವು 1807ರಲ್ಲಿ ಲಂಡನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಆದರೆ ನಾವು ಇಲ್ಲಿ ಹೇಳಬೇಕೆಂದಿರುವುದು ಅವರ ಪುಸ್ತಕದ ಮಾತಲ್ಲ, ಅವರು ಒಣಗಿಸಿಟ್ಟ ಗಿಡಗಳ ಮಾತು.

ಬುಕಾನನರು 1762ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಎಡಿನ್‌ಬರೊ ನಗರದಲ್ಲಿ ವೈದ್ಯವಿದ್ಯೆಯನ್ನು ಕಲಿತರು. ಅಲ್ಲಿ ಅವರ ಸಹಪಾಠಿಯಾಗಿದ್ದ ಜೇಮ್ಸ್ ಎಡ್ವರ್ಡ್ ಸ್ಮಿತ್ ಎಂಬವರು ಮುಂದೆ ಲಿನ್ನೇಯಸ್ ಪಂಡಿತರ ಸಂಗ್ರಹವನ್ನೇ ಕೊಂಡುಕೊಂಡು, 1788ರಲ್ಲಿ ಲಂಡನಿನ ಲಿನ್ನಿಯನ್ ಸೊಸೈಟಿಯನ್ನು ಸ್ಥಾಪಿಸಿದರು. ಈ ಸ್ನೇಹವು ಕಡೆಯವರೆಗೂ ಫಲ ಕೊಟ್ಟಿತು.

ಆ ಕಾಲದ ಸಸ್ಯಶಾಸ್ತ್ರಜ್ಞರಲ್ಲಿ ಒಂದು ಒಳ್ಳೆಯ ಪದ್ಧತಿಯಿತ್ತು. ಒಂದು ಗಿಡ ಸಿಕ್ಕಿದರೆ ಹೂ ಕಾಯಿ ಸಹಿತವಾಗಿ ಒಂದೇ ರೆಂಬೆಯನ್ನಲ್ಲ, ಮೂರು ನಾಲ್ಕು ರೆಂಬೆಗಳನ್ನು ಮುರಿದು, ಕಾಗದಗಳ ನಡುವೆ ಒತ್ತಿ ಒಣಗಿಸಿ, ಸ್ಥಳವನ್ನೂ ದಿನವನ್ನೂ ಬರೆದು, ಒಂದನ್ನು ತಮ್ಮಲ್ಲಿಟ್ಟುಕೊಂಡು ಮಿಕ್ಕ ಪ್ರತಿಗಳನ್ನು ಇತರ ಸಂಗ್ರಾಹಕರಿಗೆ ಹಂಚುತ್ತಿದ್ದರು. ನಮ್ಮ ಮನೆಯ ಹೆಂಗಸರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೆರೆಮನೆಗೆ ಹೆಪ್ಪು ಕೊಟ್ಟವಳು, ತನ್ನ ಮನೆಯ ಮೊಸರು ಮುಗಿದ ದಿನ ಅದೇ ಹೆಪ್ಪನ್ನು ಅಲ್ಲಿಂದಲೇ ತರುತ್ತಾಳಲ್ಲವೇ? ಗೆದ್ದಲು, ಬೂಷ್ಟು, ಹಡಗಿನ ಅಪಘಾತ ಇವುಗಳಲ್ಲಿ ಒಂದು ಪ್ರತಿ ಹಾಳಾದರೂ ಇನ್ನೊಂದು ಎಲ್ಲಿಯೋ ಉಳಿಯುತ್ತಿತ್ತು.

ಬುಕಾನನರು ಹೀಗೆ ಕೊಡುವುದರಲ್ಲಿ ಧಾರಾಳಿಗಳು. ಮೈಸೂರು ಸೀಮೆಯಿಂದ ಅವರು ಕಳುಹಿಸಿದ ಗಿಡಗಳನ್ನು ಡಾಕ್ಟರ್ ರಾಕ್ಸ್‌ಬರ್ಗರು ಕಲ್ಕತ್ತೆಯ ತೋಟದಲ್ಲಿ ಬೆಳೆಸಿದರು. 1814ರಲ್ಲಿ ವಿಲಿಯಂ ಕೇರಿಯವರು ಶ್ರೀರಾಮಪುರದ ಮಿಷನ್ ಮುದ್ರಣಾಲಯದಿಂದ ಹೊರಡಿಸಿದ ಆ ತೋಟದ ಪಟ್ಟಿಯಲ್ಲಿ ಗಿಡದ ಹೆಸರಿನೊಂದಿಗೆ ಕೊಟ್ಟವರ ಹೆಸರೂ ಅಚ್ಚಾಗಿದೆ. 1802ರಲ್ಲಿ ನೇಪಾಳಕ್ಕೆ ಹೋಗಿ, ಅಲ್ಲಿ ಕೂಡಿಸಿದ ಗಿಡಗಳನ್ನೂ ಚಿತ್ರಗಳನ್ನೂ ಬುಕಾನನರು ಸ್ಮಿತ್ ಅವರಿಗೆ ಒಪ್ಪಿಸಿ, ಹೆಚ್ಚಿನ ಪ್ರತಿಗಳನ್ನು ಲ್ಯಾಂಬರ್ಟ್ ಎಂಬ ಶ್ರೀಮಂತ ಸಂಗ್ರಾಹಕರಿಗೆ ಕೊಟ್ಟರು. 1825ರಲ್ಲಿ ಲ್ಯಾಂಬರ್ಟರ ಗ್ರಂಥಪಾಲಕ ಡೇವಿಡ್ ಡಾನ್ ಎಂಬವರು ಆ ಪ್ರತಿಗಳನ್ನೂ ವಾಲಿಚ್ ಪಂಡಿತರ ಗಿಡಗಳನ್ನೂ ನೋಡಿ ನೇಪಾಳದ ಸಸ್ಯಗ್ರಂಥವನ್ನು ಬರೆದರು. ನೇಪಾಳವನ್ನು ಕಾಣದವರ ಹೆಸರಿನಲ್ಲಿ ಪುಸ್ತಕ ಹೊರಟಿತಲ್ಲಾ ಎಂದು ನಮಗೆ ಸ್ವಲ್ಪ ನೋವಾಗುತ್ತದೆ. ಆದರೆ ಪುಸ್ತಕವೇ ಹೊರಡದೆ ಹೋಗಿದ್ದರೆ ನೋವು ಹೆಚ್ಚಾಗುತ್ತಿತ್ತು.

ಅಂಥ ನೋವು ಅವರಿಗೆ ಬೇರೊಂದು ಕಡೆಯಿಂದ ಬಂದೇ ಬಂದಿತು. 1807ರಿಂದ 1814ರವರೆಗೆ ಬಂಗಾಳದ ಜಿಲ್ಲೆಗಳನ್ನು ಸಮೀಕ್ಷೆ ಮಾಡಿ, ಕಲ್ಕತ್ತೆಯ ತೋಟದ ಮೇಲ್ವಿಚಾರಣೆಯನ್ನೂ ವಹಿಸಿ, 1815ರಲ್ಲಿ ಸ್ವದೇಶಕ್ಕೆ ಹೊರಟಾಗ, ಅವರು ಮಾಡಿಸಿದ್ದ ಪ್ರಾಣಿ ಸಸ್ಯಗಳ ಚಿತ್ರಗಳನ್ನು ಗವರ್ನರ್ ಜನರಲರು ಕಲ್ಕತ್ತೆಯಲ್ಲಿಯೇ ತಡೆದಿರಿಸಿದರು. ಸರ್ಕಾರದ ಸಂಬಳದಲ್ಲಿ ಮಾಡಿಸಿದ್ದು ಸರ್ಕಾರದ ಸ್ವತ್ತೆಂಬುದು ನ್ಯಾಯವೇ ಇರಬಹುದು. ಆದರೂ ಅವುಗಳ ಉಪಯೋಗವನ್ನು ಬಲ್ಲವರು ಕಡಲಾಚೆ, ಚಿತ್ರಗಳು ಈಚೆ! 1822ರಲ್ಲಿ ಅವರು ಗಂಗಾನದಿಯ ಮೀನುಗಳ ಗ್ರಂಥವನ್ನು ಪ್ರಕಟಿಸಿ 269 ಜಾತಿಗಳನ್ನು ವರ್ಣಿಸಿದಾಗಲೂ ಅನೇಕ ಚಿತ್ರಗಳು ಕಲ್ಕತ್ತೆಯಲ್ಲಿಯೇ ಇದ್ದವು.

ತಾವು ಕೊಂಡೊಯ್ದ ಒಣಗಿಡಗಳನ್ನಾದರೋ ಬುಕಾನನರು ಕಂಪೆನಿಯವರಿಗೆ ಒಪ್ಪಿಸಿದರು. 1828ರಿಂದ ನಾಲ್ಕು ವರ್ಷ ವಾಲಿಚರು ಲಂಡನಿನಲ್ಲಿ ಕುಳಿತು, ಕಂಪೆನಿಯ ಸಂಗ್ರಹದ ಹೆಚ್ಚಿನ ಪ್ರತಿಗಳಿಗೆ ಸಂಖ್ಯೆ ಕೊಟ್ಟು ಯೂರೋಪಿನ ಅನೇಕ ವಿದ್ವಾಂಸರಿಗೆ ಹಂಚಿದಾಗ, ಬುಕಾನನರ ಗಿಡಗಳೂ ಅವುಗಳೊಂದಿಗೆ ಹೋದವು. ತಾಯಿಯ ಕಡೆಯ ಆಸ್ತಿ ಬಂದಾಗ ಅವರು ಹ್ಯಾಮಿಲ್ಟನ್ ಎಂಬ ಹೆಸರನ್ನು ಧರಿಸಿದ್ದರಿಂದ, ಪಟ್ಟಿಯಲ್ಲಿ ಅವರು ಆ ಹೆಸರಿನಿಂದಲೇ ಕಾಣಸಿಗುತ್ತಾರೆ. ನಾವು ಸಿಹಿತಿಂಡಿಗೆ ಹಾಕುವ ಚಾರೋಳಿಯ ಮರಕ್ಕೆ ಮಾತ್ರ ಶಾಸ್ತ್ರದಲ್ಲಿ ಬುಕಾನನಿಯಾ ಎಂದೇ ಹೆಸರು.

ಸ್ಮಿತ್ ಅವರು 1828ರಲ್ಲಿ ತೀರಿಕೊಂಡರು. ಮರುವರ್ಷ ಅವರ ಸಂಗ್ರಹವನ್ನು, ಗೆಳೆಯನು ಕೊಟ್ಟ ನೇಪಾಳದ ಗಿಡಗಳ ಸಹಿತವಾಗಿ, ಲಿನ್ನಿಯನ್ ಸೊಸೈಟಿಯವರು ಕೊಂಡುಕೊಂಡರು. ಅದೇ 1829ರ ಜೂನ್ ತಿಂಗಳಿನಲ್ಲಿ ಬುಕಾನನರೂ ಕಾಲವಾದರು. ಆ ಒಣಗಿಡಗಳು ಈಗಲೂ ಲಂಡನಿನಲ್ಲಿವೆ.