ಮಡಿಸಲಾರದ ಮಂಡಿಗೆ ಚಲನೆ ಕೊಟ್ಟ ರಾಬರ್ಟ್ ಸಾಲ್ಟರ್

ಆಟದ ಮೈದಾನದಲ್ಲಿ ಕಾಲು ತಿರುಚಿ ಮಂಡಿಯ ಅಸ್ಥಿರಜ್ಜು ಹರಿದುಕೊಂಡವರಿಗೆ ಇಂದು ಶಸ್ತ್ರಚಿಕಿತ್ಸೆ ಮುಗಿದ ಒಂದೆರಡು ದಿನಗಳಲ್ಲೇ ಕಾಲು ಮಡಿಸುವ ಅಭ್ಯಾಸ ಆರಂಭವಾಗುತ್ತದೆ. ಹಿಮ್ಮಡಿಯನ್ನು ಹಾಸಿಗೆಯ ಮೇಲೆ ನಿಧಾನವಾಗಿ ಪೃಷ್ಠದ ಕಡೆಗೆ ಜಾರಿಸುವಂತೆ ಫಿಸಿಯೊಥೆರಪಿಸ್ಟ್ ಹೇಳಿಕೊಡುತ್ತಾರೆ. ಅರ್ಧ ಶತಮಾನದ ಹಿಂದೆ ಇದೇ ರೋಗಿಯ ಕಾಲು ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್ ಪಟ್ಟಿಯೊಳಗೆ ವಾರಗಟ್ಟಲೆ ಬಂದಿಯಾಗಿರುತ್ತಿತ್ತು. ಪಟ್ಟಿ ಬಿಚ್ಚಿದಾಗ ಹೊಲಿದ ರಜ್ಜು ಕೂಡಿಕೊಂಡಿರುತ್ತಿತ್ತು, ಆದರೆ ಮಂಡಿ ಮಡಿಯುತ್ತಿರಲಿಲ್ಲ.

ಈ ಎರಡು ಚಿತ್ರಗಳ ನಡುವಿನ ಬದಲಾವಣೆಗೆ ಅನೇಕರು ಕಾರಣರು. ಅವರಲ್ಲಿ ಪ್ರಮುಖರು ಕೆನಡಾದ ಮೂಳೆ ಶಸ್ತ್ರಚಿಕಿತ್ಸಕ ಡಾ. ರಾಬರ್ಟ್ ಬ್ರೂಸ್ ಸಾಲ್ಟರ್. ಗಾಯಗೊಂಡ ಕೀಲಿಗೆ ವಿಶ್ರಾಂತಿಯೇ ಮದ್ದು ಎಂಬ ಶತಮಾನದ ನಂಬಿಕೆಯನ್ನು ಪ್ರಶ್ನಿಸಿ, ಚಲನೆಯೇ ಮದ್ದು ಎಂಬುದನ್ನು ಪ್ರಯೋಗಾಲಯದಲ್ಲಿ ಪರೀಕ್ಷೆಗೊಡ್ಡಿದವರು ಅವರು. ಅವರು ನಿಧನರಾಗಿ ಒಂದೂವರೆ ದಶಕ ಕಳೆದಿದೆ. ಅವರ ಹೆಸರಿನೊಂದಿಗೆ ಬೆಸೆದುಕೊಂಡಿದ್ದ ಯಂತ್ರ ಇಂದು ಬಹುತೇಕ ಆಸ್ಪತ್ರೆಗಳಲ್ಲಿ ಹಿಂದೆ ಸರಿದಿದೆ. ಆದರೆ ಅವರ ವಿಚಾರ ಮಾತ್ರ ಎಲ್ಲೆಡೆ ನೆಲೆಯೂರಿದೆ.

ಬಾಲ್ಯ, ಶಿಕ್ಷಣ

ಸಾಲ್ಟರ್ ಜನಿಸಿದ್ದು 1924ರ ಡಿಸೆಂಬರ್ 15ರಂದು, ಕೆನಡಾದ ಒಂಟಾರಿಯೊ ಪ್ರಾಂತ್ಯದ ಸ್ಟ್ರಾಟ್‌ಫರ್ಡ್ ಪಟ್ಟಣದಲ್ಲಿ. 1947ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದ ಅವರು ನಗರದ ಸುಖದ ವೃತ್ತಿಯನ್ನು ಕೂಡಲೇ ಆರಿಸಿಕೊಳ್ಳಲಿಲ್ಲ. ನ್ಯೂಫೌಂಡ್‌ಲ್ಯಾಂಡ್‌ನ ಉತ್ತರ ತುದಿಯ ಸೇಂಟ್ ಆಂಥೊನಿಯಲ್ಲಿದ್ದ ಗ್ರೆನ್‌ಫೆಲ್ ವೈದ್ಯಕೀಯ ಮಿಷನ್ ಸೇರಿ, ಮೀನುಗಾರರೂ ಬಡವರೂ ಹೆಚ್ಚಾಗಿದ್ದ ಆ ಶೀತ ಕರಾವಳಿಯಲ್ಲಿ ಎರಡು ವರ್ಷ ಸೇವೆ ಸಲ್ಲಿಸಿದರು. ಬಳಿಕ ಟೊರಾಂಟೊಗೆ ಮರಳಿ ಶಸ್ತ್ರಚಿಕಿತ್ಸೆಯಲ್ಲಿ ತರಬೇತಿ ಪಡೆದು, ಲಂಡನ್ನಿನಲ್ಲಿ ಹೆಚ್ಚಿನ ಅಭ್ಯಾಸ ಮುಗಿಸಿ, 1955ರಲ್ಲಿ ಟೊರಾಂಟೊದ ಮಕ್ಕಳ ಆಸ್ಪತ್ರೆ 'ಹಾಸ್ಪಿಟಲ್ ಫಾರ್ ಸಿಕ್ ಚಿಲ್ಡ್ರನ್' ಸೇರಿದರು. ಎರಡೇ ವರ್ಷಗಳಲ್ಲಿ, 1957ರಲ್ಲಿ, ಅಲ್ಲಿನ ಮೂಳೆ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರಾದರು. 1966ರಲ್ಲಿ ಇಡೀ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಮುಖ್ಯಸ್ಥರ ಹುದ್ದೆಗೆ ಏರಿದರು.

ಅವರಿಗೆ ಮೊದಲು ಕೀರ್ತಿ ತಂದದ್ದು ಮಂಡಿಯಲ್ಲ, ಸೊಂಟದ ಕೀಲು. ಹುಟ್ಟಿನಿಂದಲೇ ಸೊಂಟದ ಕೀಲು ಜಾರಿರುವ ಮಕ್ಕಳಲ್ಲಿ ಕೀಲಿನ ಬಟ್ಟಲು ಆಳವಿಲ್ಲದೆ ಓರೆಯಾಗಿರುತ್ತದೆ. ತೊಡೆಮೂಳೆಯ ತಲೆಯನ್ನು ಎಷ್ಟು ಬಾರಿ ಒಳಗೆ ಕೂರಿಸಿದರೂ ಅದು ಮತ್ತೆ ಹೊರಜಾರುತ್ತದೆ. ಬಟ್ಟಲಿನ ಮೇಲ್ಭಾಗದಲ್ಲಿ ಸೊಂಟದ ಮೂಳೆಯನ್ನು ಕತ್ತರಿಸಿ, ಬಟ್ಟಲಿನ ದಿಕ್ಕನ್ನೇ ತಿರುಗಿಸಿ, ನಡುವಿನ ಸಂದಿಗೆ ಅದೇ ಮಗುವಿನ ಮೂಳೆಯ ತುಂಡನ್ನು ಇಟ್ಟು ನಿಲ್ಲಿಸುವ ವಿಧಾನವನ್ನು ಸಾಲ್ಟರ್ 1957ರಲ್ಲಿ ರೂಪಿಸಿದರು. ಈ ಶಸ್ತ್ರಚಿಕಿತ್ಸೆ ಇಂದಿಗೂ ಅವರ ಹೆಸರಿನಲ್ಲೇ ಬಳಕೆಯಲ್ಲಿದೆ. 1963ರಲ್ಲಿ ರಾಬರ್ಟ್ ಹ್ಯಾರಿಸ್ ಅವರೊಂದಿಗೆ ಸೇರಿ, ಮಕ್ಕಳ ಮೂಳೆಯ ಬೆಳವಣಿಗೆಯ ಫಲಕಕ್ಕೆ ಆಗುವ ಪೆಟ್ಟುಗಳನ್ನು ಐದು ಬಗೆಗಳಾಗಿ ವಿಂಗಡಿಸಿದರು. ಜಗತ್ತಿನ ಯಾವ ಮೂಲೆಯಲ್ಲಿ ಮೂಳೆ ವೈದ್ಯಕೀಯ ಕಲಿತವರಿಗೂ ಸಾಲ್ಟರ್-ಹ್ಯಾರಿಸ್ ವರ್ಗೀಕರಣ ಅಪರಿಚಿತವಲ್ಲ.

ವಿಶ್ರಾಂತಿಯೆಂಬ ನಂಬಿಕೆ

ಸಾಲ್ಟರ್ ವೃತ್ತಿಗೆ ಕಾಲಿಟ್ಟ ಕಾಲದಲ್ಲಿ ಮೂಳೆ ವೈದ್ಯಕೀಯದ ಮೇಲೆ ಹತ್ತೊಂಬತ್ತನೆಯ ಶತಮಾನದ ಲಿವರ್‌ಪೂಲ್ ವೈದ್ಯ ಹ್ಯೂ ಓವೆನ್ ಥಾಮಸ್ ಅವರ ಪ್ರಭಾವ ಗಾಢವಾಗಿತ್ತು. ಕೆಟ್ಟ ಕೀಲಿಗೆ ಬಲವಂತದ, ಎಡೆಬಿಡದ, ದೀರ್ಘವಾದ ವಿಶ್ರಾಂತಿ ಬೇಕೆಂಬುದು ಥಾಮಸರ ಬೋಧನೆ. ಕ್ಷಯದಿಂದ ಕೀಲುಗಳು ಕೊಳೆಯುತ್ತಿದ್ದ, ಔಷಧಗಳಿಲ್ಲದ ಆ ಯುಗದಲ್ಲಿ ಆ ಬೋಧನೆಗೆ ಅರ್ಥವಿತ್ತು. ಫ್ರಾನ್ಸಿನ ಲೂಕಾ ಶಾಂಪಿಯೋನಿಯೇರ್ ಅವರಂತಹ ಕೆಲವರು ಚಲನೆಯ ಪರವಾಗಿ ವಾದಿಸಿದ್ದರಾದರೂ, ಆ ದನಿ ವಿಶ್ರಾಂತಿಯ ಪಂಥದ ಎದುರು ಕ್ಷೀಣವಾಗಿಯೇ ಉಳಿಯಿತು. ಮೂಳೆ ಮುರಿಯಲಿ, ರಜ್ಜು ಹರಿಯಲಿ, ಪ್ಲಾಸ್ಟರ್ ಪಟ್ಟಿಯೇ ಉತ್ತರವಾಯಿತು.

ಈ ವಿಶ್ರಾಂತಿಗೆ ತೆರಬೇಕಾದ ಬೆಲೆ ಮಂಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು. ಮಂಡಿಚಿಪ್ಪಿನ ಮೇಲ್ಭಾಗದಲ್ಲಿ ಕೀಲುಪೊರೆಯ ಚೀಲವೊಂದಿದೆ. ಕಾಲು ಮಡಿಯುವಾಗ ಅದು ಬಿಚ್ಚಿಕೊಂಡು ಚಿಪ್ಪು ಕೆಳಗೆ ಜಾರಲು ಅವಕಾಶ ಕೊಡುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಅಲ್ಲಿ ರಕ್ತವೂ ನೀರೂ ತುಂಬುತ್ತವೆ. ಕಾಲು ಅಲುಗಾಡದಿದ್ದರೆ ಚೀಲದ ಪದರಗಳು ಒಂದಕ್ಕೊಂದು ಅಂಟಿಕೊಂಡು ಗಾಯದ ನಾರು ಬೆಳೆಯುತ್ತದೆ. ತೊಡೆಯ ಮುಂಭಾಗದ ಸ್ನಾಯು ವಾರಗಳಲ್ಲೇ ಸೊರಗುತ್ತದೆ. ಮಂಡಿಯೊಳಗಿನ ಎಸಿಎಲ್ ಎಂಬ ರಜ್ಜು ಹರಿದವರಿಗೆ ಅದರ ಜಾಗದಲ್ಲಿ ಮಂಡಿಚಿಪ್ಪಿನ ಕೆಳಗಿನ ಅಥವಾ ತೊಡೆಯ ಹಿಂಭಾಗದ ಸ್ನಾಯುರಜ್ಜಿನ ತುಂಡನ್ನು ನಾಟಿ ಮಾಡಲಾಗುತ್ತದೆ. ಆ ನಾಟಿಯನ್ನು ಕಾಪಾಡಲೆಂದು ಕಟ್ಟಿದ ಪಟ್ಟಿಯೇ ಕೀಲನ್ನು ಕೆಡಿಸುತ್ತಿತ್ತು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವ, ಕುಕ್ಕರಗಾಲಿನಲ್ಲಿ ಕುಳಿತು ಕೆಲಸ ಮಾಡುವ ಜನರಿಗೆ ಮಂಡಿಯ ಕೊನೆಯ ಇಪ್ಪತ್ತು ಮೂವತ್ತು ಡಿಗ್ರಿಗಳ ಬೆಲೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊಲಗಳ ಮಂಡಿಯಲ್ಲಿ ಉತ್ತರ

ಸಾಲ್ಟರ್ ಈ ನಂಬಿಕೆಯನ್ನು ಭಾಷಣಗಳಿಂದ ಎದುರಿಸಲಿಲ್ಲ. 1960ರಲ್ಲಿ ಫೀಲ್ಡ್ ಎಂಬ ಸಹೋದ್ಯೋಗಿಯೊಂದಿಗೆ ಪ್ರಕಟಿಸಿದ ಅಧ್ಯಯನದಲ್ಲಿ, ಜೀವಂತ ಪ್ರಾಣಿಯ ಕೀಲಿನ ಮೇಲೆ ನಿರಂತರ ಒತ್ತಡ ಬಿದ್ದರೆ ಮೂಳೆತುದಿಯ ನುಣುಪಾದ ಮೃದ್ವಸ್ಥಿ ಸಾಯುತ್ತದೆ ಎಂಬುದನ್ನು ತೋರಿಸಿದರು. ನಂತರದ ವರ್ಷಗಳ ಪ್ರಯೋಗಗಳು ಅಲುಗಾಡದಂತೆ ಕಟ್ಟಿಟ್ಟ ಕೀಲಿನಲ್ಲಿಯೂ ಮೃದ್ವಸ್ಥಿ ಕ್ಷಯಿಸುವುದನ್ನು ಸ್ಪಷ್ಟಪಡಿಸಿದವು. ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕೀಲಿನೊಳಗಿನ ದ್ರವವೇ ಅದರ ಆಹಾರ, ಆ ದ್ರವವನ್ನು ಅದಕ್ಕೆ ಉಣಿಸುವುದು ಚಲನೆ. ಹಾಗಾದರೆ ವಿಶ್ರಾಂತಿ ಎಂಬುದು ಕೀಲಿನ ಪಾಲಿಗೆ ಉಪವಾಸವೇ ಸರಿ.

ವಿಶ್ರಾಂತಿ ಕೆಟ್ಟದ್ದಾದರೆ, ಆಗಾಗ ಚಲಿಸುವುದು ಒಳ್ಳೆಯದು. ಆಗಾಗ ಚಲಿಸುವುದು ಒಳ್ಳೆಯದಾದರೆ, ಬಿಡದೆ ಚಲಿಸುವುದು ಇನ್ನೂ ಒಳ್ಳೆಯದಿರಬೇಕು. ಆದರೆ ಸ್ನಾಯುಗಳು ದಣಿಯುತ್ತವೆ, ಯಾವ ರೋಗಿಯೂ ತನ್ನ ಬಲದಿಂದ ದಿನವಿಡೀ ಕಾಲು ಆಡಿಸಲಾರ. ಆದ್ದರಿಂದ ಆ ಕೆಲಸವನ್ನು ಯಂತ್ರ ಮಾಡಬೇಕು. 1970ರಲ್ಲಿ ಸಾಲ್ಟರ್ ಈ ತರ್ಕವನ್ನು ಪರೀಕ್ಷೆಗೆ ಒಡ್ಡಿದರು. ರೋಗಿಯ ಪ್ರಯತ್ನವಿಲ್ಲದೆ ಯಂತ್ರವೇ ಕೀಲನ್ನು ಬಿಡದೆ ನಿಧಾನವಾಗಿ ಮಡಿಸಿ ಚಾಚುವ ಈ ಕ್ರಮಕ್ಕೆ ಕಂಟಿನ್ಯುವಸ್ ಪ್ಯಾಸಿವ್ ಮೋಷನ್ ಎಂಬ ಹೆಸರಾಯಿತು.

ಪ್ರಯೋಗಕ್ಕೆ ಬಳಸಿದ್ದು 147 ಮೊಲಗಳನ್ನು. ಅವುಗಳ ಮಂಡಿಯ ಮೃದ್ವಸ್ಥಿಯಲ್ಲಿ ಒಟ್ಟು 480 ಸಣ್ಣ ರಂಧ್ರಗಳನ್ನು ಮಾಡಲಾಯಿತು. ಕೆಲವು ಮೊಲಗಳ ಕಾಲಿಗೆ ಪಟ್ಟಿ ಕಟ್ಟಲಾಯಿತು, ಕೆಲವನ್ನು ಗೂಡಿನಲ್ಲಿ ಇಷ್ಟದಂತೆ ಓಡಾಡಲು ಬಿಡಲಾಯಿತು, ಉಳಿದವುಗಳ ಕಾಲನ್ನು ಯಂತ್ರ ಆಡಿಸಿತು. ಮೂರು ವಾರಗಳ ನಂತರ ಎಳೆಯ ಮೊಲಗಳಲ್ಲಿ ಪಟ್ಟಿ ಕಟ್ಟಿದವುಗಳ ಶೇ 8ರಷ್ಟು, ಓಡಾಡಿದವುಗಳ ಶೇ 9ರಷ್ಟು ರಂಧ್ರಗಳು ಮಾತ್ರ ನಿಜವಾದ ಮೃದ್ವಸ್ಥಿಯಿಂದ ತುಂಬಿಕೊಂಡಿದ್ದವು. ಯಂತ್ರಕ್ಕೆ ಒಳಪಟ್ಟವುಗಳಲ್ಲಿ ಈ ಪ್ರಮಾಣ ಶೇ 52ರಷ್ಟಿತ್ತು. ವಯಸ್ಕ ಮೊಲಗಳಲ್ಲಿ ಈ ಅಂಕಿಗಳು ಕ್ರಮವಾಗಿ ಶೇ 3, 10 ಮತ್ತು 44. 1980ರಲ್ಲಿ ಪ್ರಕಟವಾದ ಈ ಫಲಿತಾಂಶ ಮೂಳೆ ವೈದ್ಯಕೀಯ ವಲಯದಲ್ಲಿ ಸಂಚಲನ ಮೂಡಿಸಿತು. ಮಂಡಿಯ ರಜ್ಜನ್ನು ಸ್ನಾಯುರಜ್ಜಿನಿಂದ ಮರುನಿರ್ಮಿಸಿದ ಮೊಲಗಳ ಮೇಲೂ ಅವರ ತಂಡ ಪ್ರಯೋಗ ನಡೆಸಿತು. ಕೀಲು ಚಲಿಸುತ್ತಿದ್ದರೂ ಗಾಯ ಮಾಯುತ್ತದೆ, ಹೊಲಿಗೆ ಬಿಚ್ಚುವುದಿಲ್ಲ, ಒಳಗಿನ ಪದರಗಳು ಅಂಟಿಕೊಳ್ಳುವುದಿಲ್ಲ ಎಂಬುದು ಅವರ ನಿಲುವಾಯಿತು.

ಪ್ರಯೋಗಾಲಯದಿಂದ ವಾರ್ಡಿಗೆ

ಎಂಟು ವರ್ಷಗಳ ಸಂಶೋಧನೆಯ ಬಳಿಕವೇ, 1978ರಲ್ಲಿ, ಸಾಲ್ಟರ್ ಈ ವಿಧಾನವನ್ನು ರೋಗಿಗಳಿಗೆ ಬಳಸಿದರು. ಮನುಷ್ಯರ ಕಾಲಿಗೆ ಹೊಂದುವ ಯಂತ್ರವನ್ನು ರೂಪಿಸುವಲ್ಲಿ ಟೊರಾಂಟೊದ ಎಂಜಿನಿಯರ್ ಜಾನ್ ಸಾರಿಂಗರ್ ನೆರವಾದರು. ಹಾಸಿಗೆಯ ಮೇಲೆ ಇರಿಸುವ ತೊಟ್ಟಿಲಿನಂತಹ ಚೌಕಟ್ಟು, ಅದರಲ್ಲಿ ಮಲಗಿದ ಕಾಲು, ಅದನ್ನು ಮೆಲ್ಲಗೆ ಮಡಿಸಿ ಚಾಚುವ ಮೋಟಾರು, ಇಷ್ಟೇ ಆ ಯಂತ್ರ. ಶಸ್ತ್ರಚಿಕಿತ್ಸೆಯಾದ ಮಂಡಿಯನ್ನು ಆಡಿಸಿದರೆ ರೋಗಿ ನೋವಿನಿಂದ ಚೀರುತ್ತಾನೆಂಬ ಭಯ ಹಲವರಲ್ಲಿತ್ತು. ನಿಧಾನವಾದ, ಏಕಪ್ರಕಾರದ ಚಲನೆಯನ್ನು ರೋಗಿಗಳು ನಿರೀಕ್ಷೆಗಿಂತ ಚೆನ್ನಾಗಿ ಸಹಿಸಿಕೊಂಡರು.

1980ರ ದಶಕದಲ್ಲಿ ಈ ಯಂತ್ರ ಅನೇಕ ದೇಶಗಳ ಆಸ್ಪತ್ರೆಗಳನ್ನು ತಲುಪಿತು. ಎಸಿಎಲ್ ಮರುನಿರ್ಮಾಣದ ನಂತರ ಪ್ಲಾಸ್ಟರ್ ಬಿಟ್ಟು ಬೇಗನೆ ಚಲನೆ ಆರಂಭಿಸುವ ಧೈರ್ಯ ವೈದ್ಯರಿಗೆ ಬಂತು. ಅಮೆರಿಕದ ಫ್ರಾಂಕ್ ನೋಯ್ಸ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಅಧ್ಯಯನ, ಶಸ್ತ್ರಚಿಕಿತ್ಸೆಯ ಎರಡನೆಯ ದಿನವೇ ಮಂಡಿ ಆಡಿಸಿದರೂ ನಾಟಿ ಮಾಡಿದ ರಜ್ಜು ಸಡಿಲವಾಗುವುದಿಲ್ಲ ಎಂಬ ಭರವಸೆ ನೀಡಿತು. 1990ರಲ್ಲಿ ಅದೇ ದೇಶದ ಡೊನಾಲ್ಡ್ ಶೆಲ್ಬೋರ್ನ್ ಇನ್ನೊಂದು ಹೆಜ್ಜೆ ಮುಂದಿಟ್ಟರು. ವೈದ್ಯರ ನಿರ್ಬಂಧಗಳನ್ನು ಪಾಲಿಸದೆ ಬೇಗನೆ ನಡೆದಾಡಿದ ರೋಗಿಗಳೇ ಚೆನ್ನಾಗಿ ಗುಣಮುಖರಾಗುತ್ತಿದ್ದುದನ್ನು ಗಮನಿಸಿ, ಅವರು ತ್ವರಿತ ಪುನಶ್ಚೇತನ ಕ್ರಮವನ್ನು ಮುಂದಿಟ್ಟರು. ಮೊದಲು ಕಾಲು ಪೂರ್ತಿ ನೆಟ್ಟಗಾಗಬೇಕು, ಜೊತೆಜೊತೆಗೇ ಮಡಿಕೆ ಮರಳಬೇಕು, ಆದಷ್ಟು ಬೇಗ ಕಾಲೂರಿ ನಡೆಯಬೇಕು ಎಂಬುದು ಅದರ ತಿರುಳು.

ಯಂತ್ರ ಸರಿಯಿತು, ವಿಚಾರ ಉಳಿಯಿತು

ಸಾಲ್ಟರ್ ಅವರ ಕಥೆಯಲ್ಲಿ ಗಮನಿಸಬೇಕಾದ ತಿರುವು ಇಲ್ಲಿದೆ. ಚಲನೆ ಬೇಕೆಂಬುದು ಒಪ್ಪಿತವಾದ ಮೇಲೆ, ಆ ಚಲನೆಯನ್ನು ಯಂತ್ರವೇ ಕೊಡಬೇಕೆ ಎಂಬ ಪ್ರಶ್ನೆ ಎದ್ದಿತು. ಎಸಿಎಲ್ ಪುನಶ್ಚೇತನದ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ಪರಿಶೀಲನೆಯು, ಯಂತ್ರದಿಂದ ಗಣನೀಯವಾದ ಹೆಚ್ಚುವರಿ ಲಾಭವಿಲ್ಲ ಎಂಬ ತೀರ್ಮಾನಕ್ಕೆ ಬಂತು. ಮಂಡಿ ಬದಲಿ ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದ 24 ಪ್ರಯೋಗಗಳ ಕುರಿತು 2014ರಲ್ಲಿ ಬಂದ ಕಾಕ್ರೇನ್ ಪರಿಶೀಲನೆಯಲ್ಲಿ, ಯಂತ್ರ ಬಳಸಿದವರ ಮಂಡಿ ಸರಾಸರಿ ಸುಮಾರು 2 ಡಿಗ್ರಿ ಮಾತ್ರ ಹೆಚ್ಚು ಮಡಿಯುತ್ತಿತ್ತು. ಆ 2 ಡಿಗ್ರಿಗಾಗಿ ದುಬಾರಿ ಯಂತ್ರವೂ ಹಾಸಿಗೆಯ ಮೇಲಿನ ಗಂಟೆಗಳೂ ಬೇಕೆ ಎಂದು ಆಸ್ಪತ್ರೆಗಳು ಯೋಚಿಸಿದವು. ಮೃದ್ವಸ್ಥಿ ದುರಸ್ತಿಯಾದಾಗ ಹಾಗೂ ಬಿಗಿದ ಕೀಲನ್ನು ಬಿಡಿಸಿದ ನಂತರ ಕೆಲವೆಡೆ ಅದು ಇಂದಿಗೂ ಬಳಕೆಯಲ್ಲಿದೆ. ಉಳಿದಂತೆ ಅದರ ಸ್ಥಾನವನ್ನು ರೋಗಿಯ ಸ್ವಂತ ಪ್ರಯತ್ನ ಆಕ್ರಮಿಸಿದೆ.

ಇದನ್ನು ಸಾಲ್ಟರ್ ಅವರ ಸೋಲೆಂದು ಬಗೆಯುವುದು ಸರಿಯಾಗಲಾರದು. ಯಂತ್ರಕ್ಕೆ ಪ್ರತಿಸ್ಪರ್ಧಿಯಾಗಿ ನಿಂತದ್ದು ಪ್ಲಾಸ್ಟರ್ ಪಟ್ಟಿಯಲ್ಲ, ಬೇಗನೆ ಆರಂಭವಾಗುವ ವ್ಯಾಯಾಮ. ಎರಡೂ ಅವರ ಮೂಲ ವಿಚಾರದ ಮಕ್ಕಳೇ. ಇಂದಿನ ಸಾಮಾನ್ಯ ಕ್ರಮದಲ್ಲಿ ಎಸಿಎಲ್ ಶಸ್ತ್ರಚಿಕಿತ್ಸೆಯ ಮೊದಲ ಒಂದೆರಡು ವಾರಗಳಲ್ಲಿ ಮಂಡಿ 90 ಡಿಗ್ರಿಯಷ್ಟು ಮಡಿಯಬೇಕೆಂದೂ, ಆರು ವಾರಗಳ ವೇಳೆಗೆ 120 ಡಿಗ್ರಿ ಆಸುಪಾಸಿಗೆ ಬರಬೇಕೆಂದೂ, ಸುಮಾರು ಮೂರು ತಿಂಗಳಲ್ಲಿ ಇನ್ನೊಂದು ಕಾಲಿಗೆ ಸಮನಾಗಬೇಕೆಂದೂ ಗುರಿ ಇಡಲಾಗುತ್ತದೆ. ಜೊತೆಯಲ್ಲಿ ಇನ್ನಾವುದಾದರೂ ಭಾಗವನ್ನು ದುರಸ್ತಿ ಮಾಡಿದ್ದರೆ ಈ ಲೆಕ್ಕ ಬದಲಾಗುತ್ತದೆ, ಅದನ್ನು ನಿರ್ಧರಿಸುವವರು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು. ಹಿಮ್ಮಡಿ ಜಾರಿಸುವುದು, ಮಂಡಿಚಿಪ್ಪನ್ನು ಬೆರಳುಗಳಿಂದ ಅತ್ತಿತ್ತ ಸರಿಸುವುದು, ನಿಂತಲ್ಲೇ ಇರುವ ಸೈಕಲ್ ತುಳಿಯುವುದು, ಊತವಿಳಿಸಲು ಮಂಜುಗಡ್ಡೆ ಇಡುವುದು, ಇವು ಮಡಿಕೆ ಮರಳಿಸುವ ನಿತ್ಯದ ಸಾಧನಗಳು. ಬಲವಂತವಾಗಿ ಒತ್ತಿ ಮಡಿಸಿದರೆ ಊತ ಹೆಚ್ಚಿ ಮಂಡಿ ಮತ್ತೆ ಬಿಗಿಯುತ್ತದೆ. ನಿಧಾನವಾಗಿ, ಆದರೆ ದಿನವೂ ಬಿಡದೆ ಆಡಿಸಿದರೆ ಮಣಿಯುತ್ತದೆ. ನಿಧಾನ ಮತ್ತು ನಿರಂತರತೆ, ಸಾಲ್ಟರ್ ಅವರ ಯಂತ್ರದ ಗುಣಗಳೂ ಇವೇ ಆಗಿದ್ದವು.

ಗೌರವ, ಕೊನೆಯ ದಿನಗಳು

ಸಾಲ್ಟರ್ 1976ರಿಂದ ಒಂದು ದಶಕ ಟೊರಾಂಟೊ ವಿಶ್ವವಿದ್ಯಾಲಯದ ಮೂಳೆ ಶಸ್ತ್ರಚಿಕಿತ್ಸಾ ವಿಭಾಗವನ್ನು ಮುನ್ನಡೆಸಿದರು. 1970ರಲ್ಲಿ ಅವರು ಬರೆದ ಮೂಳೆ, ಕೀಲು ಮತ್ತು ಸ್ನಾಯು ರೋಗಗಳ ಪಠ್ಯಪುಸ್ತಕ ಹಲವು ಪೀಳಿಗೆಯ ವಿದ್ಯಾರ್ಥಿಗಳಿಗೆ ಕೈಪಿಡಿಯಾಯಿತು. 1969ರಲ್ಲಿ ಗೇರ್ಡ್ನರ್ ಪ್ರಶಸ್ತಿ ಅವರಿಗೆ ಸಂದಿತು. 1995ರಲ್ಲಿ ಕೆನಡಾದ ವೈದ್ಯಕೀಯ ಗಣ್ಯರ ಸಾಲಿಗೆ ಸೇರಿದ ಅವರು, 1997ರಲ್ಲಿ ದೇಶದ ಅತ್ಯುನ್ನತ ನಾಗರಿಕ ಗೌರವಗಳಲ್ಲಿ ಒಂದಾದ ಆರ್ಡರ್ ಆಫ್ ಕೆನಡಾದ ಕಂಪ್ಯಾನಿಯನ್ ಪದವಿಗೆ ಪಾತ್ರರಾದರು. 2010ರ ಮೇ 10ರಂದು, ತಮ್ಮ 85ನೆಯ ವಯಸ್ಸಿನಲ್ಲಿ ನಿಧನರಾದರು.

ಸಂಶೋಧಕನೊಬ್ಬನ ಉಪಕರಣ ಹಳತಾಗುವುದು ಸಹಜ. ಉಪಕರಣ ಹಳತಾದರೂ ಅದರ ಹಿಂದಿನ ವಿಚಾರ ಎಲ್ಲರ ರೂಢಿಯಾಗುವುದು ಅಪರೂಪ. ಪ್ಲಾಸ್ಟರ್ ಪಟ್ಟಿಯ ಸೆರೆಯಿಲ್ಲದೆ, ಶಸ್ತ್ರಚಿಕಿತ್ಸೆಯಾದ ಮಂಡಿಯನ್ನು ದಿನಕ್ಕಿಷ್ಟು ಡಿಗ್ರಿಯಂತೆ ಮಡಿಸುತ್ತ ಮತ್ತೆ ನೆಲದ ಮೇಲೆ ಕೂರಬಲ್ಲ ರೋಗಿಗಳಲ್ಲಿ ಬಹುಮಂದಿ ಸಾಲ್ಟರ್ ಅವರ ಹೆಸರನ್ನು ಕೇಳಿರಲಾರರು. ಆದರೆ ಅವರ ಮಂಡಿ ಮಡಿಯುವುದರಲ್ಲಿ ಟೊರಾಂಟೊದ ಆ ವೈದ್ಯನ ಪಾಲೂ ಇದೆ.