ರುಡಾಲ್ಫ್ ಡೀಸೆಲ್

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ಮಳೆ ಕಡಿಮೆಯಾದ ಸೀಮೆ. ಅಲ್ಲಿನ ರೈತನು ಮುಂಗಾರಿನ ಮೋಡವನ್ನು ನಂಬಿ ಶೇಂಗಾ ಬಿತ್ತುತ್ತಾನೆ. ಆ ಶೇಂಗಾದಿಂದಲೇ ಚಳ್ಳಕೆರೆಯಲ್ಲಿ ಎಣ್ಣೆಯ ಗಿರಣಿಗಳು ಬೆಳೆದು, ಊರು ಎಣ್ಣೆಯ ವ್ಯಾಪಾರಕ್ಕೆ ಹೆಸರಾಯಿತು. ಒಗ್ಗರಣೆಗೆ ಬಳಸುವ ಈ ಎಣ್ಣೆಯಿಂದ ಯಂತ್ರವೂ ನಡೆಯಬಲ್ಲುದೆಂದರೆ ಅಚ್ಚರಿಯಾದೀತು. ಆದರೆ 1900ರಷ್ಟು ಹಿಂದೆಯೇ ಪ್ಯಾರಿಸ್ ನಗರದಲ್ಲಿ ಅಂತಹ ಯಂತ್ರವೊಂದು ನಡೆಯಿತು. ಆ ಬಗೆಯ ಯಂತ್ರದ ಜನಕನೇ ರುಡಾಲ್ಫ್ ಡೀಸೆಲ್.

ಡೀಸೆಲನು 1858ನೆಯ ಇಸವಿ ಮಾರ್ಚ್ 18ರಂದು ಪ್ಯಾರಿಸಿನಲ್ಲಿ ಜನಿಸಿದನು. ತಂದೆತಾಯಿಗಳು ಜರ್ಮನರು. ತಂದೆಗೆ ತೊಗಲಿನ ಸಾಮಾನುಗಳನ್ನು ಮಾಡುವ ಕಸುಬು. 1870ರಲ್ಲಿ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧ ನಡೆದಾಗ ಈ ಕುಟುಂಬವು ನೆಲೆ ತಪ್ಪಿ ಲಂಡನ್ನಿಗೆ ಹೋಗಬೇಕಾಯಿತು. ಹನ್ನೆರಡು ವರ್ಷದ ಬಾಲಕನನ್ನು ಜರ್ಮನಿಯ ಆಗ್ಸ್‌ಬರ್ಗಿನ ಬಂಧುಗಳ ಮನೆಗೆ ಓದಲು ಕಳುಹಿಸಿದರು. ಬಡತನದಲ್ಲಿಯೂ ಶ್ರದ್ಧೆಯಿಂದ ಓದಿದ ಆತನು 1880ರಲ್ಲಿ ಮ್ಯೂನಿಕ್ಕಿನ ತಾಂತ್ರಿಕ ವಿದ್ಯಾಲಯದ ಪರೀಕ್ಷೆಯಲ್ಲಿ ಉನ್ನತವಾಗಿ ತೇರ್ಗಡೆ ಹೊಂದಿದನು.

ಅಂದಿನ ಉಗಿಯಂತ್ರಗಳು ಕಲ್ಲಿದ್ದಲಿನ ಶಾಖದಲ್ಲಿ ಸುಮಾರು ಹತ್ತನೆಯ ಒಂದು ಪಾಲನ್ನು ಮಾತ್ರ ಕೆಲಸಕ್ಕೆ ತರುತ್ತಿದ್ದವು, ಉಳಿದುದು ವ್ಯರ್ಥವಾಗುತ್ತಿತ್ತು. ಗುರು ಲಿಂಡೆಯವರ ಪಾಠದಲ್ಲಿ ಇದನ್ನು ಅರಿತ ಡೀಸೆಲನಿಗೆ ಅದೇ ಚಿಂತೆಯಾಯಿತು. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುವುದನ್ನು ನೀವು ಬಲ್ಲಿರಿ. ಗಾಳಿಯನ್ನು ಬಲವಾಗಿ ಅದುಮಿದರೆ ಅದು ಬಹಳ ಬಿಸಿಯಾಗುವುದು. ಆಗ ಇಂಧನವನ್ನು ಒಳಬಿಟ್ಟರೆ ಕಿಡಿಯಿಲ್ಲದೆಯೇ ಅದು ಹೊತ್ತಿಕೊಳ್ಳುವುದು. ಇದೇ ಅವನ ಯೋಜನೆ. 1893ರಲ್ಲಿ ಇದಕ್ಕೆ ಪೇಟೆಂಟ್ ದೊರೆಯಿತು. ಇಂತಹ ಯಂತ್ರದಿಂದ ಸಣ್ಣ ಕಸುಬುದಾರರೂ ದೊಡ್ಡ ಕಾರ್ಖಾನೆಗಳೆದುರು ಬಾಳಬಹುದೆಂಬುದು ಅವನ ಆಸೆಯಾಗಿತ್ತು.

ಯೋಜನೆ ಸುಲಭ, ಸಾಧನೆ ಕಠಿಣ. ಅದೇ ವರ್ಷ ಆಗಸ್ಟ್ ತಿಂಗಳಿನ ಮೊದಲ ಪರೀಕ್ಷೆಯಲ್ಲಿ ಒತ್ತಡವನ್ನಳೆಯುವ ಉಪಕರಣವು ಸಿಡಿದು ಚೂರಾಯಿತು; ಡೀಸೆಲನು ಪ್ರಾಣಾಪಾಯದಿಂದ ಪಾರಾದನು. ಹೆಚ್ಚಿನ ತೊಡಕಿದ್ದುದು ಇಂಧನವನ್ನು ಒಳಗೆ ಸಿಂಪಡಿಸುವುದರಲ್ಲಿ. ಎಣ್ಣೆಯು ಧಾರೆಯಾಗಿ ಬಿದ್ದರೆ ಸರಿಯಾಗಿ ಉರಿಯದು. ಮಂಜಿನಂತೆ ಸಣ್ಣ ಹನಿಗಳಾಗಿ ಒಡೆದರೆ ಪ್ರತಿ ಹನಿಯ ಸುತ್ತಲೂ ಗಾಳಿ ತಾಗಿ ಕ್ಷಣಮಾತ್ರದಲ್ಲಿ ಉರಿಯುವುದು. ಅಷ್ಟು ಒತ್ತಡ ಕೊಡಬಲ್ಲ ಪಂಪು ಅಂದು ಇರಲಿಲ್ಲ. ಆದುದರಿಂದ ಡೀಸೆಲನು ಇನ್ನೂ ಹೆಚ್ಚು ಒತ್ತಡದ ಗಾಳಿಯಿಂದ ಎಣ್ಣೆಯನ್ನು ಊದಿಸಿದನು. ನಾಲ್ಕು ವರ್ಷಗಳ ಪರಿಶ್ರಮದ ನಂತರ, 1897ರ ಫೆಬ್ರವರಿಯಲ್ಲಿ, ಪ್ರೊಫೆಸರ್ ಶ್ರೋಟರ್ ಪರೀಕ್ಷಿಸಿದಾಗ ಯಂತ್ರವು ಶಾಖದ ನೂರರಲ್ಲಿ 26 ಪಾಲನ್ನು ಕೆಲಸಕ್ಕೆ ತಂದಿತು.

1900ರ ಪ್ಯಾರಿಸ್ ಪ್ರದರ್ಶನದಲ್ಲಿ ಆಟೊ ಕಂಪನಿಯು ಸಣ್ಣ ಡೀಸೆಲ್ ಯಂತ್ರವೊಂದನ್ನು ಶೇಂಗಾ ಎಣ್ಣೆಯಿಂದ ನಡೆಸಿತು. ಈ ವಿಚಾರ ಫ್ರೆಂಚ್ ಸರ್ಕಾರದ್ದು. ಡೀಸೆಲನದೆಂದು ಹಲವರು ತಪ್ಪಾಗಿ ತಿಳಿದಿದ್ದಾರೆ. ಶೇಂಗಾ ಬೆಳೆಯುವ ಆಫ್ರಿಕದ ವಸಾಹತುಗಳಿಗೆ ಅಲ್ಲಿಯೇ ಶಕ್ತಿ ದೊರೆಯಲೆಂಬುದು ಉದ್ದೇಶ. ಡೀಸೆಲನು ಮುಂದೆ ತಾನೂ ಈ ಪ್ರಯೋಗವನ್ನು ಮಾಡಿ ಮೆಚ್ಚಿದನು. ಆದರೆ ಶೇಂಗಾ ಎಣ್ಣೆ ಬಹಳ ಮಂದ; ಹನಿಗಳು ದಪ್ಪನಾಗಿ, ಅರೆ ಉರಿದು, ಸಿಂಪಡಿಸುವ ಬಾಯಿಯಲ್ಲಿ ಮಸಿ ಕಟ್ಟುತ್ತದೆ. ನೆಲದೆಣ್ಣೆಯು ಅಗ್ಗವಾದಂತೆ ಈ ದಾರಿ ಹಿಂದೆ ಬಿದ್ದಿತು.

ಕೀರ್ತಿಯ ನಡುವೆಯೂ ಡೀಸೆಲನನ್ನು ಅನಾರೋಗ್ಯ, ಪೇಟೆಂಟಿನ ವ್ಯಾಜ್ಯ, ಸಾಲಗಳು ಕಾಡಿದವು. 1913ರ ಸೆಪ್ಟೆಂಬರ್ 29ರ ರಾತ್ರಿ, ಇಂಗ್ಲೆಂಡಿಗೆ ಹೊರಟಿದ್ದ ಹಡಗಿನಿಂದ ಆತನು ಕಾಣೆಯಾದನು. ಕೆಲವು ದಿನಗಳ ಮೇಲೆ ಸಮುದ್ರದಲ್ಲಿ ದೊರೆತ ದೇಹದ ಮೇಲಿನ ವಸ್ತುಗಳನ್ನು ಮಗನು ಗುರುತಿಸಿದನು. ಆಗ ಡೀಸೆಲನಿಗೆ 55 ವರ್ಷ.

ಆತನಿಗೆ ದೊರೆಯದಿದ್ದ ಒಳ್ಳೆಯ ಪಂಪನ್ನು 1927ರಿಂದ ಬಾಷ್ ಕಂಪನಿಯು ಹೇರಳವಾಗಿ ತಯಾರಿಸಿತು. ಗಾಳಿ ಊದುವ ಭಾರವಾದ ಸಾಧನ ಬೇಡವಾಗಿ, ಡೀಸೆಲ್ ಯಂತ್ರವು ಲಾರಿಗಳಿಗೂ ಟ್ರ್ಯಾಕ್ಟರುಗಳಿಗೂ ಏರಿತು. ಮುಂದೆ ಪೆಟ್ರೋಲ್ ಯಂತ್ರಗಳಲ್ಲಿಯೂ ಗಾಳಿ ಒಳಬರುವ ನಾಳದಲ್ಲೇ ಇಂಧನವನ್ನು ಸಿಂಪಡಿಸುವ ಕ್ರಮ ಬಂದಿತು. ಅಲ್ಲಿಯೂ ಸಮಸ್ಯೆ ಅದೇ: ಹನಿ ಸಣ್ಣದಾಗಿರಬೇಕು, ನಾಳದ ಗೋಡೆಗೆ ಅಂಟಿ ವ್ಯರ್ಥವಾಗಬಾರದು. ಒಂದು ಹನಿ ಎಣ್ಣೆಯೂ ಪೋಲಾಗಬಾರದೆಂದು ದುಡಿದ ಡೀಸೆಲನ ಜೀವನ ದುಃಖದಲ್ಲಿ ಮುಗಿಯಿತು. ಅವನ ದುಡಿಮೆ ಮಾತ್ರ ಹೊಲ, ಹಾದಿ, ಕಡಲುಗಳಲ್ಲಿ ಮುಂದುವರಿದಿದೆ.