ಕಾಲೇಜು ಮೆಟ್ಟಿಲು ಹತ್ತದ ನ್ಯಾಯಾಧಿಕಾರಿ: ಸುರಪುರದ ಟೇಲರ್ ಸಾಹೇಬರು

ಪಿಯುಸಿಯಲ್ಲಿ ಅಂಕ ಕಡಿಮೆ ಬಂದ ಮಕ್ಕಳಿರುವ ಮನೆಯಲ್ಲಿ ಕಾನೂನು ಕಾಲೇಜಿನ ಮಾತು ಬಂದರೆ, ಮೊದಲು ನೋಡುವುದು ಶೇಕಡಾ ಎಷ್ಟು ಎಂಬುದನ್ನೇ. ಐದು ವರ್ಷದ ಕಾನೂನು ಪದವಿಗೆ ಸಾಮಾನ್ಯ ವರ್ಗದವರಿಗೆ ಕನಿಷ್ಠ ಶೇ. 45 ಬೇಕೆಂಬುದು ಇಂದಿನ ನಿಯಮ. ಯಾದಗಿರಿ ಜಿಲ್ಲೆಯ ಸುರಪುರದಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಆಡಳಿತ, ನ್ಯಾಯ ಎರಡನ್ನೂ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್ ಅವರ ಬಳಿ ತೋರಿಸಲು ಅಂಥ ಅಂಕಪಟ್ಟಿಯೇ ಇರಲಿಲ್ಲ.

1808ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಹುಟ್ಟಿದ ಅವರ ಶಾಲೆ ಚಿಕ್ಕ ವಯಸ್ಸಿನಲ್ಲೇ ನಿಂತುಹೋಯಿತು. ವ್ಯಾಪಾರಿಯೊಬ್ಬರ ಕಚೇರಿಯಲ್ಲಿ ಗುಮಾಸ್ತರಾದರು. 1824ರಲ್ಲಿ, ಇನ್ನೂ ಹದಿನಾರು ತುಂಬುವ ಮೊದಲೇ, ಮುಂಬಯಿಯ ಅಂಗಡಿಯೊಂದರ ಕೆಲಸ ನಂಬಿ ಹಡಗು ಹತ್ತಿದರು. ಇಲ್ಲಿ ಬಂದು ನೋಡಿದರೆ ಆ ಅಂಗಡಿಯೇ ಸಾಲದಲ್ಲಿ ಮುಳುಗಿತ್ತು. ಪರಿಚಯಸ್ಥರ ಸಹಾಯದಿಂದ ಹೈದರಾಬಾದ್ ನಿಜಾಮರ ಸೇನೆಯಲ್ಲಿ ಕೆಲಸ ದೊರೆಯಿತು. (ವಶೀಲಿ ಇಲ್ಲದೆ ಆ ಬಾಗಿಲು ತೆರೆಯುತ್ತಿರಲಿಲ್ಲ, ಅದನ್ನೂ ಹೇಳಬೇಕು.)

ಸ್ವಲ್ಪ ಕಾಲದಲ್ಲೇ ಪೊಲೀಸ್ ಸಹಾಯಕ ಅಧಿಕಾರಿಯಾದರು. ಊರೂರು ಸುತ್ತುವ ಕೆಲಸ. ಎದುರಿಗೆ ಬರುವ ವ್ಯಾಜ್ಯ ಅರ್ಥವಾಗಬೇಕಾದರೆ ಭಾಷೆ ಬೇಕು, ಕಾನೂನು ಬೇಕು. ಹಿಂದೂಸ್ತಾನಿ, ಮರಾಠಿ ಕಲಿತರು. ಇಂಗ್ಲಿಷ್ ಮತ್ತು ಭಾರತೀಯ ಕಾನೂನನ್ನು, ಸಿವಿಲ್ ಕ್ರಿಮಿನಲ್ ಎರಡನ್ನೂ, ಸ್ವಂತ ಓದಿನಿಂದಲೇ ಅಭ್ಯಾಸ ಮಾಡಿದರು. ಭೂಮಾಪನ, ಸಸ್ಯಶಾಸ್ತ್ರ, ಭೂಗರ್ಭಶಾಸ್ತ್ರವನ್ನೂ ಬಿಡಲಿಲ್ಲ. ಠಕ್ಕರ ಕುರಿತು ಅವರು ಬರೆದ ಕಾದಂಬರಿ 1839ರಲ್ಲಿ ಪ್ರಕಟವಾಗಿ ಇಂಗ್ಲೆಂಡಿನಲ್ಲಿ ಹೆಸರಾಯಿತು.

ಸುರಪುರಕ್ಕೆ ಬಂದದ್ದು 1840ರ ದಶಕದ ಆರಂಭದಲ್ಲಿ. ರಾಜ ಕೃಷ್ಣಪ್ಪ ನಾಯಕರು ತೀರಿಕೊಂಡಿದ್ದರು, ಮಗ ವೆಂಕಟಪ್ಪ ನಾಯಕ ಇನ್ನೂ ಬಾಲಕ. ರಾಣಿ ಈಶ್ವರಮ್ಮನವರಿಗೂ ಬ್ರಿಟಿಷರಿಗೂ ಹೊಂದಾಣಿಕೆ ಇರಲಿಲ್ಲ. ಟೇಲರ್ ಲೆಕ್ಕಪತ್ರ ಸರಿಪಡಿಸಿದರು, ಜಮೀನು ಅಳೆಸಿದರು, ಬೋನಾಳದ ಹಳೆಯ ಕೆರೆಯನ್ನು ದುರಸ್ತಿ ಮಾಡಿಸಿದರು. ಬಾಲರಾಜನ ವಿದ್ಯಾಭ್ಯಾಸದ ಹೊಣೆಯೂ ಅವರದೇ. ಆ ಹುಡುಗ ಅವರನ್ನು ಕರೆಯುತ್ತಿದ್ದುದು ಅಪ್ಪಾ ಎಂದು. 1853ರಲ್ಲಿ ಪ್ರಾಯಕ್ಕೆ ಬಂದ ರಾಜನಿಗೆ ಸಂಸ್ಥಾನ ಒಪ್ಪಿಸಿ ಸುರಪುರ ಬಿಟ್ಟರು.

ಐದು ವರ್ಷ ಕಳೆಯುವಷ್ಟರಲ್ಲಿ, 1858ರ ಫೆಬ್ರವರಿಯಲ್ಲಿ, ಅದೇ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಯುದ್ಧಕ್ಕೆ ನಿಂತರು. ಸೋತು ಹೈದರಾಬಾದಿಗೆ ಹೋದಾಗ ಸಾಲಾರ್ ಜಂಗ್ ಅವರನ್ನು ಬ್ರಿಟಿಷರಿಗೆ ಒಪ್ಪಿಸಿದರು. ಸೆರೆಯಲ್ಲಿದ್ದ ರಾಜರನ್ನು ಟೇಲರ್ ಹೋಗಿ ಕಂಡರು. ಜೊತೆಗಾರರ ಹೆಸರು ಹೇಳಲು ರಾಜರು ಒಪ್ಪಲಿಲ್ಲ. ಕಳ್ಳನಂತೆ ಗಲ್ಲಿಗೇರಿಸುವುದಕ್ಕಿಂತ ತೋಪಿನ ಬಾಯಿಗೆ ಕಟ್ಟಿ ಹಾರಿಸಲಿ ಎಂದು ಕೇಳಿಕೊಂಡರು. ಟೇಲರ್ ಎಷ್ಟು ಕಾನೂನು ಓದಿದ್ದರೇನು, ಇಲ್ಲಿ ತೀರ್ಪು ಅವರ ಕೈಯಲ್ಲಿರಲಿಲ್ಲ. ಮರಣದಂಡನೆ ಮೊದಲು ಜೀವಾವಧಿ ಗಡೀಪಾರಾಗಿ, ಬಳಿಕ ಗವರ್ನರ್ ಜನರಲ್ ಆದೇಶದಂತೆ ನಾಲ್ಕು ವರ್ಷದ ಸೆರೆಯಾಗಿ ಇಳಿಯಿತು. ಚೆಂಗಲ್ಪಟ್ಟು ಕೋಟೆಗೆ ಒಯ್ಯುವ ದಾರಿಯಲ್ಲಿ ಪಿಸ್ತೂಲಿನ ಗುಂಡಿಗೆ ರಾಜರು ಬಲಿಯಾದರು. ಅವರೇ ಹಾರಿಸಿಕೊಂಡರೆಂದು ಬ್ರಿಟಿಷ್ ದಾಖಲೆ ಹೇಳುತ್ತದೆ. ಆಗ ಅವರಿಗೆ ಇಪ್ಪತ್ತನಾಲ್ಕರ ಪ್ರಾಯ.

ಸುರಪುರ ನಿಜಾಮರ ಪಾಲಾಯಿತು. ಆರೋಗ್ಯ ಕೆಟ್ಟ ಟೇಲರ್ 1860ರಲ್ಲಿ ಇಂಗ್ಲೆಂಡಿಗೆ ಮರಳಿ, 1876ರಲ್ಲಿ ಫ್ರಾನ್ಸಿನ ಮೆಂತೋನ್ ಎಂಬಲ್ಲಿ ನಿಧನರಾದರು. ಮರುವರ್ಷ ಮಗಳು ಆಲಿಸ್ ಅವರ ಆತ್ಮಕಥೆಯನ್ನು ಅಚ್ಚು ಹಾಕಿಸಿದರು. ಸುರಪುರದ ಗುಡ್ಡದ ಮೇಲೆ ಅವರು ಕಟ್ಟಿಸಿದ ಬಂಗಲೆ, ಟೇಲರ್ ಮಂಜಿಲ್, ಈಗಲೂ ಇದೆ.